ಹಗೇವಿನ ಮನೆಗೆ ಬರೆದ ಚೀಟಿಗಳು

ಆ ದಿನ ಬೆಳಿಗ್ಗೆ ಹಾಲು ಒಡೆದುಹೋಯಿತು. ಒಲೆಯ ಮೇಲಿಟ್ಟು ಈಚೆ ತಿರುಗುವಷ್ಟರಲ್ಲಿ ಪಾತ್ರೆಯ ಅಂಚಿನಲ್ಲಿ ಸಣ್ಣ ಸಣ್ಣ ಗಂಟುಗಳು ಕಂಡವು. ನಮ್ಮವರು ಬರೀ ಡಿಕಾಕ್ಷನ್ನಿಗೆ ಬೆಲ್ಲ ಹಾಕಿಕೊಂಡು ಕುಡಿದರು. ಆಮೇಲೆ ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ ಗಡ್ಡ ಹೆರೆದುಕೊಳ್ಳಲು ನಿಂತರು. ನಾನು ಬೇಳೆ ಬೇಯಲು ಇಟ್ಟು, ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿ, ಅದನ್ನು ಬಾಳೆಲೆಯ ಮೇಲೆ ಒಮ್ಮೆ ಎಳೆದು ಅವರ ಕರಿ ಕೋಟಿನ ತೋಳು ತೀಡಿದೆ. ತುಳಸಿಗೆ ನೀರು ಹಾಕುವಾಗ ನೋಡಿಕೊಂಡೆ, ಬಲಗೈ ಬೆರಳಿನ ಮಸಿ ಹೋಗಿರಲಿಲ್ಲ. ನಿಂಬೆಹಣ್ಣಿನ ಸಿಪ್ಪೆಯಿಂದ ತಿಕ್ಕಿದರೂ ಉಗುರಿನ ಬುಡದಲ್ಲಿ ಒಂದು ಕರಿ ಗೆರೆ ಉಳಿದೇ ಇತ್ತು.

“ಅಂತೂ ಇವತ್ತಿಗೆ ಮುಗೀತಲ್ಲ ನಿನ್ನ ಕೆಲಸ,” ಎಂದರು ನಮ್ಮವರು, ಕನ್ನಡಿಯೊಳಗಿಂದಲೇ ನನ್ನನ್ನು ನೋಡಿ.

“ಇನ್ನೂ ಒಂದು ಚೀಟಿ ಉಳಿದಿದೆ,” ಎಂದೆ.

ಶಿಕಾರಿಪುರದ ದೊಡ್ಡಮನೆ ಆ ಮಧ್ಯಾಹ್ನ ಮ್ಯೂಸಿಯಂ ಆಗಿ ಬಾಗಿಲು ತೆರೆಯುವುದಿತ್ತು. ಹೊಸ ಮೈಸೂರು ರಾಜ್ಯವಾಗಿ ಹೆಚ್ಚು ಕಾಲವಾಗಿರಲಿಲ್ಲ. ಹಳೆಯದನ್ನೆಲ್ಲ ಕಾಪಾಡಬೇಕು ಎಂಬ ಮಾತು ಕಚೇರಿಗಳಲ್ಲಿ ಓಡಾಡುತ್ತಿತ್ತು. ಆ ಮನೆಯಲ್ಲಿ ಉಳಿದಿದ್ದವರು ಒಬ್ಬರೇ ಅಜ್ಜಿ. ಗಂಡ ಇಲ್ಲ, ಮಕ್ಕಳಿಲ್ಲ. ಅವರು ಮನೆಯನ್ನು ಸರ್ಕಾರಕ್ಕೆ ಬರೆದುಕೊಟ್ಟು, ಸೊರಬದ ಕಡೆ ಕುಬಟೂರಿನ ತಮ್ಮ ತವರಿಗೆ ಹೋಗಿ ಅಣ್ಣನ ಮಗನ ಜೊತೆ ಇರುವುದೆಂದು ತೀರ್ಮಾನವಾಗಿತ್ತು. ಅಮಲ್ದಾರರು ಉತ್ಸಾಹಿ. ಹೊಲಗಳಲ್ಲಿ ಬಿದ್ದಿದ್ದ ವೀರಗಲ್ಲುಗಳನ್ನು ಗಾಡಿಯಲ್ಲಿ ಹೇರಿಸಿ ತಂದು ಪಡಸಾಲೆಯಲ್ಲಿ ನಿಲ್ಲಿಸಿದರು. ಹೈಸ್ಕೂಲಿನ ಹೆಡ್ಮಾಸ್ತರರಾದ ನಮ್ಮವರನ್ನು ಕಮಿಟಿಗೆ ಹಾಕಿಕೊಂಡರು. ವಸ್ತುಗಳ ಕೆಳಗೆ ಹೆಸರು ಬರೆಯುವವರು ಬೇಕೆಂಬ ಮಾತು ಬಂದಾಗ ನಮ್ಮವರು, “ನಮ್ಮನೆಯಲ್ಲಿ ಕಾನ್ವೆಂಟಿನ ಕೈಬರಹ ಇದೆ,” ಎಂದುಬಿಟ್ಟರಂತೆ.

ಕಾನ್ವೆಂಟಿನಲ್ಲಿ ಸಿಸ್ಟರು ನಮಗೆ ಕಲಿಸಿದ್ದು ಇಂಗ್ಲಿಷ್ ಅಕ್ಷರ. ಅಗಲ ನಿಬ್ಬು ಹಿಡಿದು, ಇಳಿಸುವಾಗ ದಪ್ಪ, ಏರಿಸುವಾಗ ತೆಳು. ಕನ್ನಡ ಹಾಗೆ ಬಗ್ಗಲಿಲ್ಲ. ನಮ್ಮ ಅಕ್ಷರ ದುಂಡಗೆ ಹೊರಳುತ್ತದೆ, ಅಗಲ ನಿಬ್ಬು ತಿರುವಿನಲ್ಲಿ ಸಿಕ್ಕಿಕೊಂಡು ಮಸಿ ಕಾರುತ್ತದೆ. ಮೊದಲ ವಾರ ಕೆಡಿಸಿದ ಡ್ರಾಯಿಂಗ್ ಹಾಳೆಗಳನ್ನು ನೀರೊಲೆಗೆ ಹಾಕಿದೆ. ಕೊನೆಗೆ ನಿಬ್ಬಿನ ತುದಿಯನ್ನು ಸಾಣೆಕಲ್ಲಿನ ಮೇಲೆ ಓರೆಯಾಗಿ ಸವೆಸಿದ ಮೇಲೆ ದಾರಿಗೆ ಬಂತು. ಸಾಲುಗಳ ನಡುವೆ ಜಾಗವೂ ಹೆಚ್ಚು ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿನ ಮೇಲೆ ಕೂರುತ್ತದೆ. ಪೆನ್ಸಿಲಿನಿಂದ ತೆಳುವಾಗಿ ಗೆರೆ ಎಳೆದು, ಬರೆದು, ಮಸಿ ಆರಿದ ಮೇಲೆ ಬ್ರೆಡ್ಡಿನ ಚೂರಿನಿಂದ ಗೆರೆ ಅಳಿಸುತ್ತಿದ್ದೆ. ರಬ್ಬರು ಹಾಕಿದರೆ ಕಾಗದದ ಮೈ ಏಳುತ್ತಿತ್ತು.

ದಿನವೂ ಮಧ್ಯಾಹ್ನದ ಊಟ ಮುಗಿಸಿ ದೊಡ್ಡಮನೆಗೆ ಹೋಗುತ್ತಿದ್ದೆ. ಕಸ ಗುಡಿಸುವ ಹೆಂಗಸರು ಒಂದು ದಿನ ನಾವು ಬರುವಷ್ಟರಲ್ಲಿ ಹಳೆಯ ಕಂಚಿನ ದೀಪಗಳನ್ನೆಲ್ಲ ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿಟ್ಟಿದ್ದರು. ಅಮಲ್ದಾರರು ತಲೆಯ ಮೇಲೆ ಕೈ ಹೊತ್ತು ಕೂತರು. “ಹಳೇದು ಅಂತ ಹೆಂಗ್ ಹೇಳೋದು ಈಗ,” ಎಂದರು. “ಹೊಲಸು ಇದ್ರೇನೇ ಹಳೇದೇನ್ರೀ,” ಎಂದಳು ಒಬ್ಬಳು. ನಾನು ಚೀಟಿಯಲ್ಲಿ ‘ಹಳೆಯ ದೀಪ’ ಎಂದೇ ಬರೆದೆ. ಸ್ವಾತಂತ್ರ್ಯ ಚಳವಳಿಯಲ್ಲಿ ಗಲ್ಲಿಗೇರಿದವರ ಊರಾದ ಈಸೂರಿನವರೊಬ್ಬರು ಖಾದಿ ಟೋಪಿಯೊಂದನ್ನು ತಂದುಕೊಟ್ಟರು. ಯಾರದೆಂದು ಕೇಳಿದರೆ, “ಮನೇದೇ,” ಎಂದಷ್ಟೇ ಹೇಳಿ ಟೋಪಿಯ ಮಡಿಕೆ ಸರಿಮಾಡಿ ಹೋದರು. ಅದಕ್ಕೆ ‘ಖಾದಿ ಟೋಪಿ, ಈಸೂರು’ ಎಂದು ಬರೆದು ನಿಲ್ಲಿಸಿದೆ. ಅದರ ಮುಂದೆ ಇನ್ನೇನು ಬರೆದರೂ ಹೆಚ್ಚಾಗುತ್ತಿತ್ತು.

ಉಳಿದಿದ್ದು ಹಗೇವಿನ ಚೀಟಿ. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ, ಒಳಗೆ ಕೋಣೆಯಷ್ಟು ಅಗಲ. ಸುತ್ತ ಹುಲ್ಲು ಹೊದಿಸಿ ಜೋಳ ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಾರೆ. ದೊಡ್ಡಮನೆಯ ಒಳಂಗಳದಲ್ಲಿ ಅಂಥದೊಂದು ಇತ್ತು. ಹಿಂದೆ ಬರ ಬಂದಾಗ ಅದನ್ನು ತೆಗೆದು ಊರಿಗೆ ಜೋಳ ಅಳೆದರಂತೆ. ಮನೆಯ ಚರಿತ್ರೆ ಎಂದು ಬರೆಯಲು ಆ ಒಂದು ಮಾತು ಸಾಕಿತ್ತು. ಆದರೆ ಊರಿನಲ್ಲಿ ಯಾರನ್ನು ಕೇಳಿದರೂ ಹಗೇವಿನ ಬರವನ್ನು ಹೇಳುತ್ತಿರಲಿಲ್ಲ, ಹಗೇವಿನ ದೆವ್ವವನ್ನು ಹೇಳುತ್ತಿದ್ದರು.

ನಮ್ಮ ಪಕ್ಕದ ಮನೆಯಾಕೆಗಂತೂ ಅದು ಬಾಯಿಪಾಠ. ಆಕೆಯ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ಕಮಿಟಿಯಲ್ಲೂ ಇದ್ದರು. “ಆ ಮನೀ ಹಿರೇ ಸೊಸಿ ನೀಲಮ್ಮ ಅಂತ ಇದ್ಲಂತ್ರೀ,” ಎಂದು ಆಕೆ ಹೇಳುತ್ತಿದ್ದರು, ಕೈಯಲ್ಲಿ ಅವರೆಕಾಯಿ ಸುಲಿಯುತ್ತಲೇ. “ಹಗೇವಿನಾಗೆ ಬಿದ್ದು ಸತ್ಲು. ಈಗ್ಲೂ ಅಮಾಸಿ ದಿನ ಮಟಮಟ ಮಧ್ಯಾಹ್ನ ಚಪ್ಪಡಿ ಒಂದ್ ಬೆರಳು ಮೇಲೇಳ್ತೈತಿ. ಹಗ್ಗ ಬಿಡ್ರೀ, ಹಗ್ಗ ಬಿಡ್ರೀ ಅಂತ ಒಳಗಿಂದ ಕೂಗ್ತಾಳಂತೆ. ಅಕಿ ಗಂಡನ ಎರಡನೇ ಹೆಂಡ್ತಿ ಮೂರು ಕೂಸು ಹಡೆದ್ಲು, ಮೂರನ್ನೂ ಅಕಿನೇ ಕರಕೊಂಡ್ಲು. ನೀವು ಕೂದಲು ಬಿಟ್ಕೊಂಡು ಅಲ್ಲಿ ಕೂರಬೇಡ್ರೀ.”

ಅಮಲ್ದಾರರಿಗೆ ಇದು ಬಹಳ ಹಿಡಿಸಿತ್ತು. “ಕಲ್ಲು ನೋಡೋಕೆ ಯಾರು ಬರ್ತಾರಮ್ಮ? ಹಗೇವಿನ ಹತ್ರ ದೊಡ್ಡ ಅಕ್ಷರದಲ್ಲಿ ಬರೀರಿ, ನೀಲಮ್ಮನ ದೆವ್ವ ಇರೋ ಹಗೇವು ಅಂತ. ಸೊರಬದಿಂದ ಗಾಡಿ ಕಟ್ಕೊಂಡು ಬರ್ತಾರೆ ಜನ,” ಎಂದಿದ್ದರು. ನಾನು ಹೂಂ ಎಂದಿದ್ದೆನೇ ಹೊರತು ಬರೆದಿರಲಿಲ್ಲ. ಯಾಕೆಂದರೆ ಮನೆ ಕೊಟ್ಟ ಅಜ್ಜಿಯ ಹೆಸರೂ ನೀಲಮ್ಮ. ಬಾಗಿಲ ಮೇಲಿನ ಬೋರ್ಡಿನಲ್ಲಿ ಪೇಂಟರು ‘ದಾನಿಗಳು: ಶ್ರೀಮತಿ ನೀಲಮ್ಮನವರು’ ಎಂದು ಹಳದಿ ಬಣ್ಣದಲ್ಲಿ ಆಗಲೇ ಬರೆದಿದ್ದ. ಬಾಗಿಲಲ್ಲಿ ದಾನಿ ನೀಲಮ್ಮ, ಒಳಗೆ ದೆವ್ವ ನೀಲಮ್ಮ. ಇದು ಹೇಗೆ ಎಂದು ಯಾರನ್ನು ಕೇಳುವುದೋ ತಿಳಿಯದೆ ದಿನ ದೂಡಿದ್ದೆ.

ಆ ಬೆಳಿಗ್ಗೆ ನಾನು ಹೋದಾಗ ಅಜ್ಜಿ ಒಳಂಗಳದಲ್ಲಿ ಒಬ್ಬರೇ ನಿಂತಿದ್ದರು. ಬಟ್ಟೆಯ ಗಂಟು ಬಾಗಿಲ ಬಳಿ ಕಾಯುತ್ತಿತ್ತು. ಸಮಾರಂಭ ಮುಗಿದೊಡನೆ ಅಣ್ಣನ ಮಗನ ಜೊತೆ ಸೊರಬದ ಬಸ್ಸಿಗೆ ಹೊರಡುವವರು.

“ಮೇಷ್ಟ್ರಮ್ಮ, ಎಲ್ಲಾನೂ ಒಂದ್ಸಲ ಓದಿ ಹೇಳ್ರೀ. ನನಗೆ ಅಕ್ಷರ ಬರಾದಿಲ್ಲ,” ಎಂದರು.

ನಾನು ಒಂದೊಂದೇ ಚೀಟಿ ಓದುತ್ತ ಅವರ ಜೊತೆ ನಡೆದೆ. ಬೀಸುವ ಕಲ್ಲು. “ಹೂಂ.” ಅಡ್ಡಪಲ್ಲಕ್ಕಿಯ ಬೊಂಬು. “ಹೂಂ.” ಕಡೆಗೋಲು ಎಂದಾಗ ಮಾತ್ರ, “ಅದರ ಹಗ್ಗ ಇದಲ್ಲ, ಬೇರೆ ಕಟ್ಟಿದಾರೆ,” ಎಂದರು. ಬೋರ್ಡಿನ ಕೆಳಗೆ ಬಂದು ಅದನ್ನೂ ಓದಿದೆ. ಅವರು ಹೂಂಗುಟ್ಟಲಿಲ್ಲ.

“ಹಗೇವಿಗೆ ಏನ್ ಬರೀತೀರಿ?”

ಸುಳ್ಳು ಹೇಳಲಾಗಲಿಲ್ಲ. ಅಮಲ್ದಾರರ ಮಾತು ಹೇಳಿದೆ. ಅವರು ಹಗೇವಿನ ಚಪ್ಪಡಿಯ ಪಕ್ಕ ನಿಧಾನವಾಗಿ ಕೂತರು, ನನ್ನನ್ನೂ ಕೂರಲು ಹೇಳಿದರು.

“ದೆವ್ವ ಅಂತಾರೆ. ಮದುವೆ ಆಗಿ ಇನ್ನೂ ನಡುಮನೇಲಿ ಮಲಗಾಕೆ ನಾಚ್ತಿದ್ದ ಹುಡುಗಿ ಅದು. ನಾನು ನೋಡಿಲ್ಲ ಬಿಡ್ರೀ, ಕೇಳಿದ್ದು. ಹಗೇವು ತೆಗೆದ್ರೆ ಬಾಯಿ ಬಿಟ್ಟು ಗಾಳಿ ಆಡಾಕೆ ಬಿಡಬೇಕು. ಆಮೇಲೆ ಹಗ್ಗದಾಗೆ ದೀಪ ಇಳಿಸಬೇಕು. ದೀಪ ಆರಿದ್ರೆ ಮನುಷ್ಯರು ಇಳೀಬಾರದು. ಜೋಳದ ಉಸಿರು ಒಳಗೇ ಇರ್ತದೆ, ಕೆಟ್ಟದ್ದು. ಅವತ್ತು ಮನೆ ತುಂಬ ನೆಂಟರು ಬಂದಿದ್ರಂತೆ, ಹಿಟ್ಟು ಸಾಲದಾಯ್ತಂತೆ. ಆಳು ಹೊಲಕ್ಕೆ ಹೋಗಿದ್ರು. ಅತ್ತೆಯೋರು ಆತುರ ಮಾಡಿ, ನೀನೇ ಇಳಿಯೇ ಅಂದ್ರಂತೆ. ಇಳಿದ್ಲು. ಅಷ್ಟೇಯ.”

“ಅತ್ತೆಯವರು ನಿಮಗೆ ಹೇಳಿದರೇ?”

“ಸಾಯೋ ಹೊತ್ತಿಗೆ. ಕೈ ಹಿಡ್ಕಂಡು, ನೀಲೀ, ನಿನ್ನ ನಾನೇ ಇಳಿಸಿದ್ದು ಕಣೇ, ತಪ್ಪಾಯ್ತು ಅಂದ್ರು. ಅವಳು ಅಂತ ತಿಳಕಂಡ್ರೋ, ನನಗೇ ಹೇಳಿದ್ರೋ ಗೊತ್ತಾಗ್ಲಿಲ್ಲ. ಹೋಗ್ಲಿ ಬಿಡ್ರೀ ಅತ್ತೆಮ್ಮ ಅಂದೆ. ಅವಳ ಪರವಾಗಿ ನಾನೇ ಅಂದೆ. ಇನ್ಯಾರು ಅನ್ನಬೇಕು?”

ಅವರು ಸೆರಗಿನೊಳಗೆ ಕೈ ಹಾಕಿ ಕುತ್ತಿಗೆಯ ದಾರ ಈಚೆ ತೆಗೆದರು. ದಾರದಲ್ಲಿ ಉಗುರಿನಷ್ಟು ಅಗಲದ ಚಿನ್ನದ ತಗಡು. ಅದರ ಮೇಲೆ ಒಬ್ಬ ಹೆಂಗಸಿನ ಆಕೃತಿ ಒತ್ತಿತ್ತು. ಮುಖ ಸವೆದು ನಯವಾಗಿ, ಕಣ್ಣು ಮೂಗು ಯಾವುದೂ ಉಳಿದಿರಲಿಲ್ಲ. ಮೊದಲ ಹೆಂಡತಿ ಸತ್ತ ಮನೆಗೆ ಎರಡನೆಯವಳಾಗಿ ಬಂದವಳು ಕಟ್ಟಿಕೊಳ್ಳುವ ಸವತಿಯ ತಾಳಿ. ಸತ್ತವಳಿಗೆ ಮುನಿಸು ಬಾರದಿರಲಿ, ಅವಳಿಗೂ ಮನೆಯಲ್ಲಿ ಒಂದು ಜಾಗ ಇರಲಿ ಎಂದು. ಹಬ್ಬದ ದಿನ ಹೊಸ ಸೀರೆಯನ್ನು ಮೊದಲು ಅದಕ್ಕೆ ತೋರಿಸಿ ಆಮೇಲೆ ಉಡಬೇಕಂತೆ.

“ಗಂಡ ಹೋದಾಗ ನನ್ನ ತಾಳಿ ತೆಗೆದ್ರು. ಇದನ್ನ ತೆಗೀಲಿಲ್ಲ. ಇದು ಅವರದಲ್ಲ, ಅವಳದು,” ಎಂದರು. “ಇದೂ ಸಾಲದು ಅಂತ ಅವಳ ಹೆಸರನ್ನೂ ನನಗೇ ಇಟ್ರು. ಮನೇಲಿ ನೀಲಮ್ಮ ಅಂತ ಕೂಗ್ತಾ ಇದ್ರೆ ಅವಳಿಗೆ ಜಾಗ ಹೋಯ್ತು ಅನ್ಸಾದಿಲ್ಲ ಅಂತ. ಧಾರೆ ಎರೆದ ದಿನ ಅಕ್ಕಿ ಮೇಲೆ ಬರೆದ್ರು, ಅವತ್ತಿಂದ ನಾನು ನೀಲಮ್ಮ. ಕೂಸುಗಳು ಹೋದಾಗ ನೀಲಮ್ಮ ತಿಂದ್ಲು ಅಂದ್ರು. ಯಾವ ನೀಲಮ್ಮ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.”

ಬೋರ್ಡಿನ ಹಳದಿ ಬಣ್ಣದ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು. ನಾನು ಕೇಳಿದೆ, “ನಿಮ್ಮ ಹೆಸರೇನು ಅಜ್ಜಿ?”

“ಕೆಂಚಮ್ಮ. ನಮ್ಮವ್ವ ಕೆಂಚೀ ಅಂತಿದ್ಲು,” ಎಂದು, ಬೇರೆ ಯಾರದೋ ಹೆಸರು ಹೇಳಿದವರ ಹಾಗೆ ನನ್ನ ಮುಖ ನೋಡಿದರು. ದಾರದ ಗಂಟು ಬಿಚ್ಚಲು ಬೆರಳು ಒಗ್ಗಲಿಲ್ಲ. ನಾನೇ ಬಿಚ್ಚಿದೆ. ತಗಡನ್ನು ನನ್ನ ಅಂಗೈಯಲ್ಲಿಟ್ಟು ಅವರು ಬೆರಳು ಮುಚ್ಚಿಸಿದರು. “ಇದು ಇಲ್ಲೇ ಇರಲಿ. ಅವಳ ಮನೆ. ನಾನು ಇಷ್ಟು ವರ್ಷ ಈ ಮನೇಲಿ ಬದುಕಿದ್ದೆ ಅಂತ ಎಲ್ಲಾದ್ರೂ ಒಂದ್ ಕಡೆ ನನ್ನ ಹೆಸರು ಬರೀರಿ ಮೇಷ್ಟ್ರಮ್ಮ. ಸಣ್ಣದಾಗೇ ಬರೀರಿ. ನಾನು ಓದಾದೂ ಇಲ್ಲ.”

ಅಮಲ್ದಾರರು ಅಷ್ಟರಲ್ಲಿ ಬಂದರು, ಪೆಂಡಾಲಿನವರ ಮೇಲೆ ರೇಗುತ್ತ. ನಾನು ಬೋರ್ಡಿನ ವಿಷಯ ಎತ್ತಿದೆ. ಅವರು ತಾಳ್ಮೆಯಿಂದಲೇ ಕೇಳಿದರು. ಕೆಟ್ಟವರಲ್ಲ ಅವರು. “ಅಮ್ಮಾ, ದಾನಪತ್ರದಲ್ಲಿ ನೀಲಮ್ಮ ಅಂತಿದೆ, ಪಹಣಿಯಲ್ಲಿ ನೀಲಮ್ಮ, ವೋಟರ್ ಲಿಸ್ಟಿನಲ್ಲೂ ಅದೇ. ನಾನು ಬೋರ್ಡಿನಲ್ಲಿ ಕೆಂಚಮ್ಮ ಅಂತ ಬರೆಸಿದ್ರೆ ನಾಳೆ ದಾಯಾದಿಗಳು ಕೋರ್ಟಿಗೆ ಹೋಗಿ, ಮನೆ ಕೊಟ್ಟೋಳು ಬೇರೆ ಯಾರೋ ಅಂತ ತಕರಾರು ತೆಗೀತಾರೆ. ಆಯಮ್ಮನಿಗೇ ತೊಂದರೆ,” ಎಂದರು. ಕಾಗದದ ಮಟ್ಟಿಗೆ ಅವರ ಮಾತು ನಿಜ. “ಹಗೇವಿನ ಚೀಟಿ ಬೇಗ ಆಗಲಿ. ದೆವ್ವ ಅಂತ ದಪ್ಪಗೆ ಬರೀರಿ,” ಎಂದು ಹೇಳಿ ಹೊರಗೆ ಹೋದರು.

ಪಡಸಾಲೆಯ ಕಂಬಕ್ಕೆ ಒರಗಿ ಕೂತು ಹಲಗೆಯನ್ನು ಮಡಿಲಲ್ಲಿಟ್ಟುಕೊಂಡೆ. ಗೆರೆ ಎಳೆದೆ. ಮಸಿಯಲ್ಲಿ ನಿಬ್ಬು ಅದ್ದಿ ಬಹಳ ಹೊತ್ತು ಹಿಡಿದಿದ್ದರಿಂದ ಒಣಗಿ, ಮತ್ತೆ ಒರೆಸಿ ಅದ್ದಬೇಕಾಯಿತು. ಮದುವೆಯಾದಂದಿನಿಂದ ನಾನು ಯಾರ ಮಾತನ್ನೂ ಮೀರಿದವಳಲ್ಲ. ಮೀರುವ ಸಂದರ್ಭ ಬಂದಿರಲಿಲ್ಲ ಎಂದರೂ ಸರಿಯೇ. ನಮ್ಮವರು ಬಂದು ಪಕ್ಕದಲ್ಲಿ ನಿಂತರು. ನಾನು ಬರೆದದ್ದು ಇದು:

‘ಹಗೇವು. ಜೋಳ ತುಂಬಿಡುತ್ತಿದ್ದ ನೆಲಗಣಜ. ಬರಗಾಲದಲ್ಲಿ ಇದರ ಜೋಳ ಊರಿಗೆ ಒದಗಿತು. ಈ ಮನೆಯ ಸೊಸೆ ನೀಲಮ್ಮ ಚಿಕ್ಕ ವಯಸ್ಸಿನಲ್ಲಿ ಇದರೊಳಗಿನ ಕೆಟ್ಟ ಗಾಳಿಯಿಂದ ತೀರಿಕೊಂಡರು.’

ಆಮೇಲೆ ಸಣ್ಣ ಚೀಟಿ: ‘ಸವತಿಯ ತಾಳಿ. ತೀರಿಕೊಂಡ ನೀಲಮ್ಮನವರ ನೆನಪಿಗಾಗಿ ಇದನ್ನು ಈ ಮನೆಯಲ್ಲಿ ಬಾಳಿದ ಕುಬಟೂರಿನ ಕೆಂಚಮ್ಮನವರು ಮನೆ ಬಿಡುವವರೆಗೂ ಧರಿಸಿದ್ದರು.’

ನಮ್ಮವರು ಎರಡನ್ನೂ ಓದಿದರು. “ದೆವ್ವ ಎಲ್ಲಿ ಅಂತ ಕೇಳಿದರೆ ಅಮಲ್ದಾರರಿಗೆ ಏನು ಹೇಳಲಿ?”

“ನನಗೆ ಬರೆಯಲು ಬರಲಿಲ್ಲ ಅಂತ ಹೇಳಿ,” ಎಂದೆ.

ಅವರು ಗೋಂದಿನ ಬಾಟಲಿಯನ್ನು ನನ್ನ ಕಡೆಗೆ ಸರಿಸಿದರು. ಗಾಜಿನ ಪೆಟ್ಟಿಗೆಯೊಳಗೆ ತಗಡನ್ನಿಟ್ಟು, ಅದರ ಕೆಳಗೆ ಚೀಟಿ ಅಂಟಿಸಿ, ಮೂಲೆಗಳು ಏಳದ ಹಾಗೆ ಬಟ್ಟೆಯಿಂದ ಒತ್ತಿ ಹಿಡಿದುಕೊಂಡು ಕೂತೆ.

ಮಧ್ಯಾಹ್ನ ದೊಡ್ಡ ಅಧಿಕಾರಿಗಳು ಬಂದರು. ಪ್ರಾರ್ಥನೆ, ಭಾಷಣ, ಮೈಕು ಕೂಗುವುದು, ಮತ್ತೆ ಸರಿಹೋಗುವುದು. ಅಜ್ಜಿ ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದರು. “ಮನೆ ದಾನ ಮಾಡಿದ ಶ್ರೀಮತಿ ನೀಲಮ್ಮನವರು ವೇದಿಕೆಗೆ ಬರಬೇಕು,” ಎಂದು ಮೈಕಿನಲ್ಲಿ ಕರೆದರು. ಹಿಂದಿನ ಸಾಲಿನ ಶಾಲೆಯ ಹುಡುಗಿಯರಲ್ಲಿ ಯಾರೋ ಕಿಸಕ್ಕೆಂದರು. “ಹಗೇವಿನೋಳು,” ಎಂದು ಪಿಸುಗುಟ್ಟಿದ್ದು ಕೇಳಿಸಿತು. ಅಜ್ಜಿ ಏಳಲಿಲ್ಲ. ಮತ್ತೆ ಕರೆದರು. ನಾನು ಮೊಣಕೈ ಮುಟ್ಟಿದೆ.

“ಅವಳನ್ನ ಕರೀತಿದಾರೆ,” ಎಂದು ಮೆಲ್ಲಗೆ ಹೇಳಿ, ಆಮೇಲೆ ಎದ್ದು ಹೋಗಿ ಹಾರ ಹಾಕಿಸಿಕೊಂಡು ಬಂದರು. ಬಂದವರೇ ಹಾರವನ್ನು ತೆಗೆದುಕೊಂಡು ಒಳಗೆ ಹೋಗಿ ಹಗೇವಿನ ಚಪ್ಪಡಿಯ ಮೇಲಿಟ್ಟರು. ಅಧಿಕಾರಿಗಳು ಹಗೇವಿನ ಚೀಟಿ ಓದಿ, “ಅಯ್ಯೋ ಪಾಪ,” ಎಂದು ಮುಂದೆ ನಡೆದರು. ಅಮಲ್ದಾರರು ಒಮ್ಮೆ ನನ್ನ ಕಡೆ ತಿರುಗಿ ನೋಡಿ ಅವರ ಹಿಂದೆ ಹೋದರು.

ಜನ ಕರಗಿದ ಮೇಲೆ ಅಜ್ಜಿಯನ್ನು ಗಾಜಿನ ಪೆಟ್ಟಿಗೆಯ ಬಳಿ ಕರೆದುಕೊಂಡು ಹೋದೆ. ಗಾಜಿನ ಮೇಲೆ ಅವರ ಬೆರಳು ಹಿಡಿದು, “ಇಲ್ಲಿಂದ ಇಲ್ಲಿಯವರೆಗೆ ನಿಮ್ಮ ಹೆಸರು,” ಎಂದು ತೋರಿಸಿದೆ.

“ಇಷ್ಟು ಚಿಕ್ಕದಾ?”

“ಸಣ್ಣದಾಗಿ ಬರೆಯಿರಿ ಅಂದಿರಲ್ಲ ಅಜ್ಜಿ.”

“ಹೌದು ಬಿಡ್ರೀ. ಸಾಕು. ಓದ್ರೀ.”

ಓದಿದೆ. ಹಿರಿಯರ ಹೆಸರನ್ನು ಅವರ ಮುಂದೆಯೇ ಬಾಯಿಬಿಟ್ಟು ಹೇಳಿ ನನಗೆ ರೂಢಿಯಿಲ್ಲ.

“ಇನ್ನೊಂದ್ ಸಲ.”

ಮತ್ತೆ ಓದಿದೆ. ಅವರು ಗಾಜಿನಿಂದ ಬೆರಳು ತೆಗೆಯಲಿಲ್ಲ. ಖಾಲಿ ಕುತ್ತಿಗೆಯನ್ನು ಇನ್ನೊಂದು ಕೈ ಆಗಾಗ ಹುಡುಕುತ್ತಿತ್ತು, ಏನೂ ಸಿಗದೆ ಸೆರಗು ಸರಿಮಾಡಿ ಇಳಿಯುತ್ತಿತ್ತು. ಬಾಗಿಲಲ್ಲಿ ಅಣ್ಣನ ಮಗ ಬಟ್ಟೆಯ ಗಂಟನ್ನು ಹೆಗಲಿಗೇರಿಸಿ ನಿಂತಿದ್ದ, ನಡುವಯಸ್ಸಿನ ಸಾಧು ಮನುಷ್ಯ. “ನೀಲತ್ತೆ, ಬಸ್ಸಿಗೆ ಹೊತ್ತಾತು ಮಾರಾಯ್ತಿ, ಬಾ,” ಎಂದ. ತವರಿನ ಮಕ್ಕಳಿಗೂ ಅವರು ಬೇರೆ ಯಾವ ಹೆಸರಿನಿಂದಲೂ ಗೊತ್ತಿರಲಿಲ್ಲ.

“ಬಂದೆ,” ಎಂದರು ಅಜ್ಜಿ. ನನ್ನ ಕೆನ್ನೆ ಮುಟ್ಟಿ, “ಕಾಗದ ಉಳೀತದಾ ಮೇಷ್ಟ್ರಮ್ಮ?” ಎಂದು ಕೇಳಿದರು.

“ಒಳ್ಳೆಯ ಮಸಿ ಅಜ್ಜಿ. ಗಾಜಿನೊಳಗಿದೆ. ನಮಗಿಂತ ಹೆಚ್ಚು ಕಾಲ ಉಳಿಯುತ್ತದೆ,” ಎಂದೆ. ಅವರು ತಲೆಯಾಡಿಸಿ ಹೊಸ್ತಿಲು ದಾಟಿದರು. ತಿರುಗಿ ನೋಡಲಿಲ್ಲ. ಬೀದಿಯ ತಿರುವಿನಲ್ಲಿ ಅವರ ಬಿಳಿ ಸೆರಗು ಮರೆಯಾಗುವವರೆಗೂ ನಾನು ಬೋರ್ಡಿನ ಕೆಳಗೆ ನಿಂತಿದ್ದೆ.

ಮನೆಗೆ ಬಂದು ಒಲೆ ಹಚ್ಚಿದೆ. ನಿಬ್ಬುಗಳನ್ನು ಬಿಸಿನೀರಿನಲ್ಲಿ ತೊಳೆದು, ತುಕ್ಕು ಹಿಡಿಯದಂತೆ ಕೊಬ್ಬರಿ ಎಣ್ಣೆ ಸವರಿ ಡಬ್ಬಿಗೆ ಹಾಕಿದೆ. ನಮ್ಮವರು ಇನ್ನೂ ಬಂದಿರಲಿಲ್ಲ. ಕುರ್ಚಿಗಳನ್ನು ಶಾಲೆಗೆ ವಾಪಸು ಸಾಗಿಸುವುದಿತ್ತು. ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯಾಕೆ ನಮ್ಮ ಹಿತ್ತಲಿನ ಕರಿಬೇವಿಗೆಂದು ಬಂದರು. ಎರಡು ಕಡ್ಡಿ ಮುರಿದುಕೊಂಡು, ಸಮಾರಂಭ ಚೆನ್ನಾಗಿತ್ತು, ಪಾನಕಕ್ಕೆ ಬೆಲ್ಲ ಸಾಲದು, ದೆವ್ವದ ಸುದ್ದಿಯನ್ನೇ ಬರೆಯಲಿಲ್ಲವಲ್ಲ ಎಂದೆಲ್ಲ ಹೇಳಿದರು. ಹೊರಟವರು ಬೇಲಿಯ ಬಳಿ ತಿರುಗಿ ನಿಂತರು.

“ಮರ್ತಿದ್ದೆ ನೋಡ್ರೀ. ಆ ಚಿನ್ನದ ತಗಡಿನ ಕೆಳಗೆ ಯಾರ್ದೋ ಹೆಸರು ತಪ್ಪಿ ಬಂದಿತ್ತಂತಲ್ಲ, ಕೆಂಚಮ್ಮ ಅಂತ. ಬೀಗ ಹಾಕೋ ಹೊತ್ತಿಗೆ ನಮ್ಮನಿಯೋರು ನೋಡಿ, ಪಾಪ ಮೇಷ್ಟ್ರಮ್ಮಗೆ ಯಾಕೆ ಕೆಟ್ಟ ಹೆಸರು ಅಂತ ಆ ಚೀಟಿ ಕಿತ್ತು, ನೀಲಮ್ಮ ಅಂತ ತಾವೇ ಬರೆದು ಅಂಟಿಸಿ ಬಂದ್ರು. ಆ ಮನ್ಯಾಗೆ ಕೆಂಚಮ್ಮ ಅನ್ನಾಕಿ ಯಾವತ್ತೂ ಇರಲೇ ಇಲ್ಲ ಬಿಡ್ರೀ.”